ಮಂ. ಎಂದರೆ ಮಂಗಳವಾರವಲ್ಲ

"ನಾಳೆ ಅಂಗಾರೆ, ನೀರು ಬರುದಿಲ್ಲ ಅಕ್ಕ. ಇವತ್ತೇ ಹಿಡಿದಿಡಿ" ಎಂದು ಕೆಳಗಿನ ಮನೆಯ ವಸಂತಿ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಾಗ ನಾನು ಮಂಗಳೂರಿಗೆ ಬಂದು ಮೂರು ದಿನವಾಗಿತ್ತು. ನಮ್ಮ ವಿಜಯಪುರದ ಕಡೆ ಅಂಗಾರ ಎಂದರೆ ಗುಡಿಯಿಂದ ತಂದು ಹಣೆಗೆ ಹಚ್ಚಿಕೊಳ್ಳುವ ಬೂದಿ. ನಾಳೆ ಬೂದಿ, ನೀರು ಬರುವುದಿಲ್ಲ, ಇವತ್ತೇ ಹಿಡಿದಿಡಬೇಕು. ಹಿಡಿಯಬೇಕಾದದ್ದು ನೀರನ್ನೋ ಬೂದಿಯನ್ನೋ ತಿಳಿಯದೆ, ತಿಳಿದವಳಂತೆ ತಲೆಯಾಡಿಸಿ ಒಳಗೆ ಬಂದೆ. ತಂಗಿ ನೀಲಾ ಮಂಚದ ಮೇಲೆ ಕುಳಿತು ನಗುತ್ತಿದ್ದಳು. ತುಳುವಿನಲ್ಲಿ ಮಂಗಳವಾರಕ್ಕೆ ಅಂಗಾರೆ ಎನ್ನುತ್ತಾರೆ ಎಂದು ಆಕೆ ಹೇಳಿದಳು. ನಾನೂ ನಕ್ಕು ಕೊಡ ತುಂಬಿಸಿಟ್ಟೆ. ಒಂದು ವಾರದ ಹೆಸರು ಇಷ್ಟು ದುಬಾರಿಯಾಗಬಹುದೆಂದು ಆಗ ಅನ್ನಿಸಲಿಲ್ಲ.

ಊರಿನವರು ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ, ಅಲ್ಲಿ ಹೇಗಿದ್ದೀರಿ ಎಂದು. ಎಲ್ಲರಿಗೂ ಒಂದೇ ಉತ್ತರ ಬರೆದು ಮುಗಿಸುವುದು ನನ್ನ ಸ್ವಭಾವ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ಹೆಣ್ಣುಮಕ್ಕಳ ವಸತಿ ನಿಲಯದಲ್ಲಿ ಮೂವತ್ತನಾಲ್ಕು ವರ್ಷ ಮೇಲ್ವಿಚಾರಕಿಯಾಗಿದ್ದೆ. ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಹಾಜರಿ, ಆರಕ್ಕೆ ಓದು. ಗಂಟೆ ಹೊಡೆಯುವವಳು ರಜೆ ಹಾಕಿದ ದಿನ ನಾನೇ ಹೊಡೆದಿದ್ದೇನೆ. ಮದುವೆಯಾಗಲಿಲ್ಲ. ನೀಲಾಳೂ ಆಗಲಿಲ್ಲ. ಆಕೆ ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಲು ಬಂದವಳು ಇಲ್ಲಿಯೇ ಉಳಿದಳು. ಸಕ್ಕರೆ ಕಾಯಿಲೆ ಆಕೆಯ ಬಲಗಣ್ಣನ್ನು ತಿಂದುಹಾಕಿತು. ಎಡಗಣ್ಣಿನಲ್ಲಿ ಸ್ವಲ್ಪ ಉಳಿದಿತ್ತು. ಆ ಸ್ವಲ್ಪವನ್ನು ಉಳಿಸಿಕೊಳ್ಳಲು ತಿಂಗಳಿಗೊಮ್ಮೆ ಕಣ್ಣಿನೊಳಗೆ ಇಂಜೆಕ್ಷನ್ ಆಗಬೇಕು. ಜೊತೆಗೆ ಒಬ್ಬರು ಬೇಕು, ಓದಿ ಹೇಳಲು ಒಬ್ಬರು ಬೇಕು. ಆರು ತಿಂಗಳ ಮಟ್ಟಿಗೆಂದು ಮನೆಗೆ ಬೀಗ ಹಾಕಿ ಬಂದೆ.

ಮಂಗಳೂರಿನ ಬಿಜೈಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯೊಡತಿ ವಸಂತಿ. ಅವರ ಗಂಡ ಗಲ್ಫಿನಲ್ಲಿ ಹೋಟೆಲೊಂದರ ಲೆಕ್ಕ ನೋಡಿಕೊಳ್ಳುತ್ತಾರೆ. ಬಂದ ಮರುದಿನವೇ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಸೋಮವಾರ ಹಾಸಿಗೆ ಬಿಸಿಲಿಗೆ, ಬುಧವಾರ ಸಂತೆ ಸಾಮಾನು, ಶುಕ್ರವಾರ ಮನೆ ತೊಳೆಯುವುದು. ಪಟ್ಟಿಯಂತೆ ನಡೆಯದ್ದು ಈ ಊರಿನ ಗಾಳಿ ಮಾತ್ರ. ನಮ್ಮಲ್ಲಿ ಕಟಿ ರೊಟ್ಟಿ ಬಡಿದಿಟ್ಟರೆ ಹದಿನೈದು ದಿನ ಕಟಕಟ ಎನ್ನುತ್ತದೆ. ಇಲ್ಲಿ ಬೆಳಿಗ್ಗೆ ಬಡಿದ ರೊಟ್ಟಿ ಸಂಜೆಗೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಡಬ್ಬಿ ಬದಲಿಸಿದೆ, ಕಾಗದ ಸುತ್ತಿದೆ, ಪ್ರಯೋಜನವಾಗಲಿಲ್ಲ. ವಸಂತಿ ಕುಚ್ಚಲಕ್ಕಿ ಗಂಜಿ ತಂದುಕೊಟ್ಟು, "ಈ ಊರಿಗೆ ಇದೇ ಸರಿ ಅಕ್ಕ, ನಿಮ್ಮ ರೊಟ್ಟಿಗೆ ಇಲ್ಲಿಯ ಸೆಕೆ ಆಗಿಬರುದಿಲ್ಲ" ಎಂದರು. ಮೊದಲ ತಿಂಗಳು ಗಂಜಿಯನ್ನು ಔಷಧಿಯಂತೆ ಕುಡಿದೆ. ಈಗ ಬೆಳಿಗ್ಗೆ ಅದಿಲ್ಲದಿದ್ದರೆ ಹೊಟ್ಟೆ ಕೇಳುತ್ತದೆ.

ಭಾಷೆಯ ವಿಷಯ ಬೇರೆ. ನಾನು ಕನ್ನಡ ನಾಡಿನಿಂದ ಕನ್ನಡ ನಾಡಿಗೇ ಬಂದವಳು, ಭಾಷೆಯ ತೊಂದರೆ ಎಲ್ಲಿಯದು ಎಂದುಕೊಂಡಿದ್ದೆ. ಇಲ್ಲಿಯವರ ಕನ್ನಡ ಪುಸ್ತಕದಲ್ಲಿದ್ದಂತೆ ಸ್ವಚ್ಛ. ನನ್ನದು ಅವರಿಗೆ ಒರಟು. ಅಂಗಡಿಯಲ್ಲಿ "ಉಳ್ಳಾಗಡ್ಡಿ ಕೊಡ್ರಿ" ಎಂದರೆ ಅಂಗಡಿಯಾತ "ಎಂತದ್ದು?" ಎಂದು ಮೂರು ಸಲ ಕೇಳಿದ. ಕೊನೆಗೆ ಬೆರಳಿನಿಂದ ತೋರಿಸಿದೆ. "ಓ, ನೀರುಳ್ಳಿಯಾ ಮಾರಾಯ್ರೆ" ಎಂದು ಅವನು ತೂಗಿಕೊಟ್ಟ. ಅವರವರೊಳಗೆ ಮಾತು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ಕನ್ನಡ ಎಂಬುದು ನನ್ನಂಥವರು ಬಂದಾಗ ಕಪಾಟಿನಿಂದ ತೆಗೆಯುವ ಒಳ್ಳೆಯ ಬಟ್ಟಲು. ನೀಲಾಳೂ ಹಾಗೆಯೇ ಆಗಿಬಿಟ್ಟಿದ್ದಾಳೆ. ನನ್ನ ತಂಗಿಯ ಬಾಯಿಂದ "ಹೋಗುವ", "ಉಂಟು" ಎಂಬ ಮಾತು ಕೇಳುವಾಗ ಯಾರದೋ ಮನೆಗೆ ಬಂದಂತಾಗುತ್ತದೆ.

ಇನ್ನು ನಡೆದದ್ದಕ್ಕೆ ಬರುತ್ತೇನೆ.

ನೀಲಾಳ ಇಂಜೆಕ್ಷನ್ನನ್ನು ಒಂದು ಸೇವಾ ಟ್ರಸ್ಟ್ ಕಡಿಮೆ ಖರ್ಚಿನಲ್ಲಿ ಕೊಡುತ್ತದೆ. ಹೆಸರು ಬೇಡ, ಒಳ್ಳೆಯ ಕೆಲಸ ಮಾಡುವವರು. ಇಂಜೆಕ್ಷನ್ ಕೊಡಲು ಹೊರಗಿನಿಂದ ವೈದ್ಯರೊಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಒಮ್ಮೆ ಉಳ್ಳಾಲದಲ್ಲಿ, ಒಮ್ಮೆ ಬೈಕಂಪಾಡಿಯಲ್ಲಿ, ಒಮ್ಮೆ ಮಂಗಳೂರು ಪೇಟೆಯೊಳಗಿನ ಕೇಂದ್ರದಲ್ಲಿ. ಯಾವಾಗ ಎಲ್ಲಿ ಎಂಬುದನ್ನು ಅವರ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಮೊದಲ ಎರಡು ಸಲ ವಸಂತಿ ನೋಡಿ ಹೇಳಿದ್ದರು. ಮೂರನೆಯ ಸಲ, ಅದೊಂದು ಬುಧವಾರ, ನಾನೇ ನೋಡುತ್ತೇನೆ ಎಂದೆ. ಎಷ್ಟು ದಿನವೆಂದು ಕೆಳಗಿನ ಮನೆಯವರನ್ನು ಕೇಳುವುದು?

ನೀಲಾಳ ಫೋನಿನಲ್ಲಿ ಅಕ್ಷರಗಳನ್ನು ಹೆಬ್ಬೆರಳಿನ ಗಾತ್ರಕ್ಕೆ ಹಿಗ್ಗಿಸಿಟ್ಟಿದ್ದಾರೆ. ಒಂದು ಸಲಕ್ಕೆ ಒಂದೇ ಸಾಲು ಕಾಣುತ್ತದೆ. ಆ ಸಾಲಿನಲ್ಲಿ ಇದ್ದದ್ದು ಇಷ್ಟು: "ಇಂ. – ಮಂ. / ಶು. 1 / ಬೆ. 8."

ಇಂ. ಎಂದರೆ ಇಂಜೆಕ್ಷನ್. ಮಂ. ಎಂದರೆ ಮಂಗಳವಾರ, ಶು. ಎಂದರೆ ಶುಕ್ರವಾರ. ಒಂದು ಎಂಬುದು ಕೋಣೆಯ ಸಂಖ್ಯೆ ಇರಬೇಕು. ಬೆಳಿಗ್ಗೆ ಎಂಟಕ್ಕೆ. ಊರಿನ ಹೆಸರಿಲ್ಲವೆಂದ ಮೇಲೆ ಪೇಟೆಯೊಳಗಿನ ಕೇಂದ್ರವೇ ಇರಬೇಕು. ಅರ್ಧ ನಿಮಿಷದಲ್ಲಿ ಓದಿ ಮುಗಿಸಿ ಫೋನು ಕೈಗಿಟ್ಟೆ.

ನೀಲಾ, "ಹಾಗಾದ್ರೆ ನಾಡಿದ್ದು ಶುಕ್ರವಾರವೇ ಹೋಗುವ ಅಕ್ಕಾ. ಬೇಗ ಆಗ್ತದೆ" ಎಂದಳು.

"ಶುಕ್ರವಾರ ಮನಿ ತೊಳಿಯೂ ದಿನ. ಮಂಗಳಾರ ಹೋಗೂಣು."

ಈ ಮಾತನ್ನು ಬರೆಯದೆ ಬಿಡಬಹುದಿತ್ತು. ಆದರೆ ಆಡಿದ್ದು ಹೀಗೆಯೇ.

ಅವಳಿಗೆ ಸಮಾಧಾನವಿರಲಿಲ್ಲ. ವಸಂತಿಯನ್ನು ಒಂದು ಮಾತು ಕೇಳೋಣವೇ ಎಂದಳು. ಅವರಿಗಿಂತ ನನಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ ಎಂದೆ. ಆದರೂ ಮರುದಿನ ಟ್ರಸ್ಟಿಗೆ ಫೋನು ಮಾಡಿದೆ. ಹತ್ತು ಸಲ ಹೊಡೆದ ಮೇಲೆ ಒಬ್ಬ ಹೆಣ್ಣುಮಗಳು ಎತ್ತಿದಳು. ಹಿಂದೆ ಗಲಾಟೆ. "ಈ ಸಲ ಇಂಜೆಕ್ಷನ್ ಮಂಗಳಾರ ಐತಲ್ರಿ?" ಎಂದು ಕೇಳಿದೆ. "ಹೌದು ಹೌದು, ಈ ಸಲ ಅಲ್ಲಿಯೇ" ಎಂದು ಹೇಳಿ ಇಟ್ಟಳು. ನಮ್ಮ ಬಾಯಲ್ಲಿ ಮಂಗಳವಾರ ಮಂಗಳಾರ ಆಗುತ್ತದೆ. ಅವಳ ಕಿವಿಯಲ್ಲಿ ಅದು ಮಂಗಳೂರು ಆಯಿತು. ಒಂದು ವಾರವನ್ನು ಯಾರಾದರೂ ಅಲ್ಲಿಯೇ ಎನ್ನುತ್ತಾರೆಯೇ ಎಂದು ನಾನು ಒಂದು ಕ್ಷಣ ಯೋಚಿಸಲಿಲ್ಲ. ಶುಕ್ರವಾರ ಬಕೆಟ್ ಬಕೆಟ್ ನೀರು ಸುರಿದು ಮನೆ ತೊಳೆದೆ.

ಮಂಗಳವಾರ ಏಳೂಮುಕ್ಕಾಲಕ್ಕೇ ಕೇಂದ್ರದ ಮುಂದೆ ನಿಂತೆವು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗುಡಿಸುತ್ತಿದ್ದ ಹೆಂಗಸು ತಲೆಯೆತ್ತಿ, "ಇವತ್ತು ಎಂತ ಇಲ್ಲ ಅಕ್ಕ. ಡಾಕ್ಟ್ರು ಶುಕ್ರವಾರ ಬಂದು ಹೋದ್ರು. ಇನ್ನು ಬರುವ ತಿಂಗಳು" ಎಂದಳು.

ಇಲ್ಲ, ಸೈಟಿನಲ್ಲಿ ಮಂಗಳವಾರ ಎಂದಿದೆ ಎಂದು ಅವಳೊಂದಿಗೆ ವಾದ ಮಾಡಿದೆ. ಪೊರಕೆ ಹಿಡಿದವಳೊಂದಿಗೆ. ನೀಲಾ ನನ್ನ ತೋಳು ಹಿಡಿದು, "ಬಾ ಅಕ್ಕಾ, ಬಸ್ಸಿಗೆ ಹೋಗುವ" ಎಂದಳು. ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಏನು ಕಾಣುತ್ತಿತ್ತೋ ನನಗೆ ಗೊತ್ತಿಲ್ಲ.

ಮನೆಗೆ ಬಂದವಳೇ ಫೋನು ತೆಗೆದು ಆ ಸಾಲಿನ ಕೆಳಗಿನ ಸಾಲನ್ನು ನೋಡಿದೆ. "ತ. – ಉ. / ಬು. 2 / ಮ. 2." ಉ ಎಂಬ ಅಕ್ಷರದಿಂದ ಶುರುವಾಗುವ ವಾರ ಲೋಕದಲ್ಲಿಲ್ಲ. ತಪಾಸಣೆ, ಉಳ್ಳಾಲ, ಎರಡನೇ ಬುಧವಾರ, ಮಧ್ಯಾಹ್ನ ಎರಡು. ಹಾಗಾದರೆ ಮೇಲಿನದು ಮಂಗಳೂರು, ಮೊದಲ ಶುಕ್ರವಾರ. ಬೆರಳನ್ನು ಇನ್ನೊಂದಿಷ್ಟು ಜಾರಿಸಿದ್ದರೆ ಸಾಕಿತ್ತು.

ಬೇರೆ ಆಸ್ಪತ್ರೆಗಳಲ್ಲಿ ವಿಚಾರಿಸಿದೆವು. ಹೊಸ ರೋಗಿಯೆಂದು ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡಬೇಕು, ಸರದಿ ಬರಲು ಮೂರು ವಾರ ಎಂದರು. ಕಾಯುವುದೇ ಆಯಿತು. ಆ ವಾರಗಳಲ್ಲಿ ನಾನು ನೀಲಾಳನ್ನು ಕದ್ದು ನೋಡುತ್ತಿದ್ದೆ. ಹಾಲಿನ ಪಾತ್ರೆಗೆ ಕೈ ಚಾಚುವಾಗ ಬೆರಳು ಎಷ್ಟು ತಡಕಾಡಿತು, ಬಾಗಿಲ ಚಿಲಕ ಒಂದೇ ಸಲಕ್ಕೆ ಸಿಕ್ಕಿತೇ. ಮೊದಲು ಹಿಗ್ಗಿಸಿದ ಅಕ್ಷರ ಓದುತ್ತಿದ್ದವಳು ಮೂರನೆಯ ವಾರ ಫೋನಿನ ಓದುವ ದನಿಯನ್ನು ಹಾಕಿಸಿಕೊಂಡಳು. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿದ್ದದ್ದನ್ನು ಅದು ಗಟ್ಟಿಯಾಗಿ ಓದುತ್ತದೆ. ಟ್ರಸ್ಟಿನ ಪುಟವನ್ನು ಅದು ಹೀಗೆ ಓದಿತು: "ಇಂ. ಮಂ. ಶು ಒಂದು. ಬೆ ಎಂಟು." ನೀಲಾ ನಕ್ಕಳು. "ಕೇಳು ಅಕ್ಕಾ, ನಿನಗೆ ತಪ್ಪಾದ್ರೂ ಒಂದು ಅರ್ಥ ಸಿಕ್ಕಿತ್ತು. ನನಗೆ ಅದೂ ಇಲ್ಲ."

ಅವಳು ನನ್ನನ್ನು ಬೈದದ್ದು ಅಷ್ಟೇ. ಅದು ಬೈಗಳೂ ಅಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಒಂದು ಹಾಳೆಯಲ್ಲಿ ಗೆರೆ ಎಳೆದು ಆ ಸೈಟಿನಲ್ಲಿದ್ದ ಮೊಟಕು ಅಕ್ಷರಗಳನ್ನೆಲ್ಲ ಬರೆದೆ. ಎದುರಿಗೆ ಒಂದೊಂದಕ್ಕೂ ಎಷ್ಟು ಅರ್ಥವಾಗಬಹುದೆಂದು ಬರೆದೆ. ಮ. ಎಂದರೆ ಮಧ್ಯಾಹ್ನ ಅಥವಾ ಮಹಿಳೆ. ದಿ. ಎಂದರೆ ದಿನಾಂಕ, ಆದರೆ ಹೆಸರಿನ ಹಿಂದೆ ಬಂದರೆ ದಿವಂಗತ. ಸಾ. ಎಂದರೆ ಇಲ್ಲಿ ಸಾಯಂಕಾಲ. ನಮ್ಮ ಕಡೆಯ ಹಳೆಯ ಕಾಗದಪತ್ರಗಳಲ್ಲಿ ಸಾಕೀನ, ಅಂದರೆ ವಾಸದ ಊರು. ಹಾಳೆ ಹಿಡಿದು, ಒಳ್ಳೆಯ ಸಿಟ್ಟು ಹೊತ್ತು, ಕಚೇರಿಗೆ ಹೋದೆ.

ಸೈಟು ನೋಡಿಕೊಳ್ಳುವವಳು ಹರಿಣಾಕ್ಷಿ ಎಂಬ ಹೆಣ್ಣುಮಗಳು, ಮೂವತ್ತರ ಆಸುಪಾಸು. ರೋಗಿಗಳ ಹೆಸರು ಬರೆದುಕೊಳ್ಳುವವಳೂ ಅವಳೇ, ಫೋನು ಎತ್ತುವವಳೂ ಅವಳೇ. ದನಿ ಕೇಳಿದೊಡನೆ ಗುರುತು ಸಿಕ್ಕಿತು, "ಅಲ್ಲಿಯೇ" ಎಂದವಳು. ನಾನು ಹೇಳಿದ್ದನ್ನೆಲ್ಲ ಕೇಳಿ ಅವಳ ಮುಖ ಇಳಿಯಿತು.

"ಮಂ. ಅಂದ್ರೆ ಮಂಗಳೂರು ಅಲ್ವಾ ಅಕ್ಕ? ಮಂಗಳವಾರ ಅಂತ ನನ್ನ ತಲೆಗೇ ಬರ್ಲಿಲ್ಲ. ನಾವು ಮನೆಯಲ್ಲಿ ಅಂಗಾರೆ ಅಂತ ಹೇಳುದು."

"ನಮ್ಮಂಥವ್ರು ಓದಂಗಿಲ್ಲೇನು?"

"ಓದ್ತಾರೆ. ಆದ್ರೆ ಉದ್ದ ಬರೆದ್ರೆ ಮೊಬೈಲಲ್ಲಿ ಸಾಲು ಒಡೆದು ಹೋಗ್ತದೆ ಮಾರಾಯ್ರೆ. ಚಂದ ಕಾಣುದಿಲ್ಲ. ಮತ್ತೆ ಇಲ್ಲಿಯವರಿಗೆ ಎಲ್ಲರಿಗೂ ಗೊತ್ತುಂಟು."

ಎಲ್ಲರಿಗೂ ಗೊತ್ತುಂಟು. ಆ ಮಾತು ಕೇಳಿ ನನ್ನ ಸಿಟ್ಟು ನಿಂತಲ್ಲೇ ನಿಂತಿತು. ಏಕೆಂದರೆ ಅದು ನನ್ನದೇ ಮಾತು.

ನಿಲಯದ ಕರಿಹಲಗೆಯ ಮೇಲೆ ಪ್ರತಿದಿನ ಸೂಚನೆ ಬರೆಯುತ್ತಿದ್ದವಳು ನಾನು. ಹಲಗೆ ಚಿಕ್ಕದು, ಸೂಚನೆ ಹೆಚ್ಚು. ಹಾ. ಎಂದರೆ ಹಾಜರಿ, ರ.ಅ. ಎಂದರೆ ರಜೆ ಅರ್ಜಿ, ಕೊ.ದಿ. ಎಂದರೆ ಕೊನೆಯ ದಿನ. ಹಳೆಯ ಹುಡುಗಿಯರಿಗೆ ಎಲ್ಲ ಗೊತ್ತಿರುತ್ತಿತ್ತು. ಒಂದು ವರ್ಷ ತಾಂಡಾದಿಂದ ಸಕ್ಕೂಬಾಯಿ ಎಂಬ ಹುಡುಗಿ ಐದನೇ ತರಗತಿಗೆ ಬಂದಳು. ಮನೆಯಲ್ಲಿ ಲಂಬಾಣಿ ಮಾತು. ದೀಪಾವಳಿ ರಜೆಯ ಅರ್ಜಿಯನ್ನು ಕೊನೆಯ ದಿನದೊಳಗೆ ಕೊಡಲಿಲ್ಲ. ನಿಯಮ ನಿಯಮವೇ, ಅವಳನ್ನು ಮೊದಲ ಬಸ್ಸಿಗೆ ಕಳಿಸಲಿಲ್ಲ. ಎರಡು ದಿನ ಖಾಲಿ ನಿಲಯದಲ್ಲಿ ನನ್ನೊಂದಿಗೆ ಉಂಡಳು. ಹಲಗೆ ನೋಡಲಿಲ್ಲವೇ ಎಂದು ಕೇಳಿದ್ದಕ್ಕೆ, ನೋಡಿದೆ, ಅಕ್ಷರ ಗೊತ್ತಾಯಿತು, ಮಾತು ಗೊತ್ತಾಗಲಿಲ್ಲ ಎಂದಳು. ನಾನು ಅದನ್ನು ಉದ್ಧಟತನವೆಂದು ತಿಳಿದೆ. ಗೊತ್ತಾಗದಿದ್ದರೆ ಕೇಳಬೇಕು ಎಂದು ಗದರಿಸಿದೆ. ಯಾರನ್ನು, ಯಾವ ಭಾಷೆಯಲ್ಲಿ ಕೇಳಬೇಕಿತ್ತು ಆ ಕೂಸು?

ಹರಿಣಾಕ್ಷಿಯ ಎದುರಿನ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಅವಳು ನೀರು ಕೊಟ್ಟಳು. ಇಬ್ಬರೂ ಸೇರಿ ಸರಿಮಾಡೋಣ ಎಂದೆ.

ಸರಿಮಾಡುವುದು ನಾನು ತಿಳಿದಷ್ಟು ಸುಲಭವಿರಲಿಲ್ಲ. ಮೊದಲು ಅವಳು ಪ್ರತಿ ಮೊಟಕು ಅಕ್ಷರದ ಕೆಳಗೂ ಚುಕ್ಕೆ ಗೆರೆ ಹಾಕಿದಳು. ಅದರ ಮೇಲೆ ಕಂಪ್ಯೂಟರಿನ ಬಾಣ ಇಟ್ಟರೆ ಪೂರ್ಣರೂಪ ಮೂಡುತ್ತದೆ. ನನಗೆ ಬಹಳ ಹಿಡಿಸಿತು. ಮನೆಗೆ ತಂದು ನೀಲಾಳ ಫೋನಿನಲ್ಲಿ ಹಾಕಿದೆ. ಫೋನಿನಲ್ಲಿ ಬಾಣ ಎಲ್ಲಿಯದು? ಓದುವ ದನಿಯೂ ಆ ಬಚ್ಚಿಟ್ಟ ಪೂರ್ಣರೂಪವನ್ನು ಮುಟ್ಟಲಿಲ್ಲ. ಮತ್ತೆ "ಮಂ" ಎಂದಿತು. "ಗೆರೆ ಕಾಣುವವರಿಗೆ ಮಾತ್ರ ಅರ್ಥ ಕೊಡುದಾ?" ಎಂದು ನೀಲಾ ಕೇಳಿದಳು.

ಮತ್ತೆ ಹೋದೆ. ಈ ಸಲ ಎಲ್ಲ ಮೊಟಕುಗಳ ಪಟ್ಟಿಯನ್ನು ಬೇರೊಂದು ಪುಟದಲ್ಲಿ ಅಕಾರಾದಿಯಾಗಿ ಜೋಡಿಸಿದೆವು. ಪಟ್ಟಿ ಎಂದರೆ ನನಗೆ ಪ್ರಾಣ. ಆದರೆ ನೀಲಾ ಆ ಪುಟಕ್ಕೆ ಹೋಗಿ, ಅರ್ಥ ಕೇಳಿ, ತಿರುಗಿ ಬರುವಷ್ಟರಲ್ಲಿ ಮೊದಲಿನ ಪುಟ ತಲೆಯಿಂದ ಶುರುವಾಗುತ್ತಿತ್ತು. ಎಲ್ಲಿದ್ದೆನೆಂದು ಹುಡುಕಲು ಮತ್ತೆ ಎಲ್ಲವನ್ನೂ ಕೇಳಬೇಕು. ಮೂರು ಸಲ ಹೋಗಿ ಬಂದು ಫೋನನ್ನು ದಿಂಬಿನ ಮೇಲೆ ಒಗೆದಳು.

ಕೊನೆಗೆ ಹರಿಣಾಕ್ಷಿ ಕೋಷ್ಟಕವನ್ನೇ ಒಡೆದು ವಾಕ್ಯ ಮಾಡಿದಳು. "ಇಂಜೆಕ್ಷನ್: ಮಂಗಳೂರು ಕೇಂದ್ರದಲ್ಲಿ, ತಿಂಗಳ ಮೊದಲ ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆಗೆ." ಇಷ್ಟೇ. ಚಂದ ಕಾಣದು, ಉದ್ದವಾಯಿತು, ಆದರೆ ನೀಲಾ ಒಂದೇ ಸಲ ಕೇಳಿ ತಲೆಯಾಡಿಸಿದಳು. ಎಲ್ಲವನ್ನೂ ಬಿಡಿಸಿ ಬರೆಯಬೇಕೆಂದು ನಾನು ಕಟ್ಟುನಿಟ್ಟು ಮಾಡಹೊರಟಾಗ ಹರಿಣಾಕ್ಷಿಯೇ ತಡೆದಳು. ಒ.ಪಿ.ಡಿ. ಎಂಬುದನ್ನು ತೆಗೆದು ಹೊರರೋಗಿ ವಿಭಾಗ ಎಂದಷ್ಟೇ ಬರೆದರೆ ಉಳ್ಳಾಲದ ಮೀನುಗಾರ ಹೆಂಗಸರು ಅದೆಂತ ಹೊಸ ವಿಭಾಗ ಎಂದು ಕೇಳುತ್ತಾರೆ ಎಂದಳು. ಅಲ್ಲಿ ಎರಡನ್ನೂ ಇಟ್ಟೆವು. ಒಂದು ನಿಯಮ ಮಾಡಿ ಎಲ್ಲೆಡೆ ಹೊಡೆಯಲು ಬರುವುದಿಲ್ಲವೆಂಬುದನ್ನು ಅರವತ್ತೆಂಟನೇ ವಯಸ್ಸಿನಲ್ಲಿ ಕಲಿತೆ. ಹೊಸ ಪುಟ ಬಂದ ಮೇಲೆ ದಿನ ಕೇಳುವ ಫೋನು ಕಡಿಮೆಯಾಗಿದೆ ಎಂದು ಹರಿಣಾಕ್ಷಿ ಹೇಳಿದಳು. ಅದನ್ನು ಗೆಲುವು ಎಂದುಕೊಳ್ಳಲು ನನ್ನಿಂದಾಗಲಿಲ್ಲ.

ಏಕೆಂದರೆ ಅಷ್ಟರಲ್ಲಿ ತಡವಾದ ಇಂಜೆಕ್ಷನ್ ಆಗಿತ್ತು. ವೈದ್ಯರು ಕಣ್ಣಿನ ಚಿತ್ರ ನೋಡಿ, ಮತ್ತೆ ನೋಡಿದರು. ಬಾವು ಇಳಿಯಬಹುದು, ನಡುವೆ ಹೋದ ದೃಷ್ಟಿ ಮರಳುತ್ತದೆಂದು ಹೇಳಲಾರೆ ಎಂದರು. ನೀಲಾಳನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋಗಿ ಕೇಳಿದೆ, ಆ ಒಂದು ತಿಂಗಳು ತಪ್ಪಿದ್ದರಿಂದಲೇ ಹೀಗಾಯಿತೇ ಎಂದು. ಆಗಿರಬಹುದು, ಹೇಗಿದ್ದರೂ ಆಗುತ್ತಿದ್ದಿರಲೂಬಹುದು ಎಂದರು. ಹೌದು ಅಥವಾ ಇಲ್ಲ ಎಂಬ ಉತ್ತರಗಳಿಗೆ ಒಗ್ಗಿದವಳು ನಾನು. ಹೊರಗೆ ಬಂದಾಗ ನೀಲಾ, "ಎಂತ ಕೇಳಿದಿ?" ಎಂದಳು. ಔಷಧಿಯ ವೇಳೆ ಕೇಳಿದೆ ಎಂದು ಸುಳ್ಳು ಹೇಳಿದೆ.

ಆರು ತಿಂಗಳೆಂದು ಬಂದವಳಿಗೆ ಒಂಬತ್ತಾಯಿತು. ವಿಜಯಪುರದ ಮನೆಯ ಬೀಗ ಹಾಗೆಯೇ ಇದೆ. ಪಕ್ಕದ ಮನೆಯವರು ಮೊನ್ನೆ ಫೋನು ಮಾಡಿ, ಬಾಗಿಲಿಗೆ ಗೆದ್ದಲು ಹಿಡಿದೀತು, ಒಮ್ಮೆ ಬಂದು ಹೋಗ್ರಿ ಎಂದರು. ಅಲ್ಲಿ ನನ್ನ ಮಾತು ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ, ಅಂಗಡಿಯಲ್ಲಿ ಬೆರಳು ತೋರಿಸಬೇಕಿಲ್ಲ. ಇಲ್ಲಿಯೂ ಈಗ ನೀರುಳ್ಳಿ ಎನ್ನುತ್ತೇನೆ. ಬಸ್ಸಿನ ಕಂಡಕ್ಟರುಗಳು, ವಸಂತಿಯ ಅಡುಗೆಮನೆ, ಹರಿಣಾಕ್ಷಿಯ ಕಚೇರಿಯ ಸಾಲು ಬೆಂಚು, ಎಲ್ಲ ಕಡೆಯಿಂದ ಕಿವಿಗೆ ಬಿದ್ದೂ ಬಿದ್ದೂ ತುಳು ಸುಮಾರಾಗಿ ಹತ್ತಿದೆ. ಮಾತಾಡಲು ನಾಚಿಕೆ, ಕೇಳಿದರೆ ತಿಳಿಯುತ್ತದೆ.

ಕಳೆದ ವಾರ ಟ್ರಸ್ಟಿನ ಹೊಸ ಪಟ್ಟಿ ಬಂತು. ಫೋನಿನ ದನಿ ಓದಿತು. ಸಾಲದೆಂದು ನೀಲಾ ನನ್ನ ಕೈಗೂ ಕೊಟ್ಟಳು, ನಾನೂ ಓದಿ ಹೇಳಿದೆ: ಬೈಕಂಪಾಡಿ, ಮೊದಲ ಶುಕ್ರವಾರ, ಬೆಳಿಗ್ಗೆ ಒಂಬತ್ತು. "ಆಯ್ತು ಅಕ್ಕಾ" ಎಂದಳು. ನಾನು ಅಕ್ಕಿ ತೊಳೆಯಲು ಒಳಗೆ ಹೋದೆ. ನಲ್ಲಿ ನಿಲ್ಲಿಸಿದಾಗ ಅವಳ ದನಿ ಕೇಳಿಸಿತು. ಕೆಳಗಿನ ಮನೆಗೆ ಫೋನು ಮಾಡಿದ್ದಳು.

"ವಸಂತಿ, ಅಕ್ಕ ಓದ್‌ದ್ ಪಂಡೆರ್. ಈರ್ ಒರ ತೂಲೆ."

ಅಕ್ಕ ಓದಿ ಹೇಳಿದಳು, ನೀವು ಒಮ್ಮೆ ನೋಡಿ ಎಂದು ಅದರ ಅರ್ಥ. ಈ ಊರಿನ ಭಾಷೆಯಲ್ಲಿ ಯಾರ ಸಹಾಯವೂ ಇಲ್ಲದೆ ಪೂರ್ತಿಯಾಗಿ, ಒಂದಕ್ಷರ ಬಿಡದೆ ನನಗೆ ತಿಳಿದ ಮೊದಲ ಮಾತು ಅದು. ವಸಂತಿ ನೋಡಿ ಹೇಳುವವರೆಗೂ ಕೈಯನ್ನು ನೀರಿನಲ್ಲೇ ಇಟ್ಟುಕೊಂಡು ನಿಂತೆ. ಅಕ್ಕಿ ಅಷ್ಟು ಹೊತ್ತು ತೊಳೆಯಬೇಕಾಗಿರಲಿಲ್ಲ. "ಅಂದ್, ಸರಿ ಉಂಡು" ಎಂದು, ಹೌದು ಸರಿಯಿದೆ ಎಂದು, ಆ ಕಡೆಯಿಂದ ಬಂದಿರಬೇಕು. ನೀಲಾ ಉಸಿರು ಬಿಟ್ಟದ್ದು ಕೇಳಿಸಿತು.

ಊರಿನವರು ಕೇಳಿದರೆ, ಹೂಂ, ತುಳು ಬರುತ್ತದೆ ಎನ್ನುತ್ತೇನೆ. ಸಂಜೆ ನೀಲಾಳೂ ಕೇಳಿದಳು, ಇಷ್ಟು ದಿನವಾಯಿತಲ್ಲ, ಸ್ವಲ್ಪವಾದರೂ ಅರ್ಥ ಆಗ್ತದಾ ಎಂದು. ಇಲ್ಲವ್ವಾ, ಒಂದಕ್ಷರವೂ ಇಲ್ಲ ಎಂದೆ.